ಮೊದಲ ನಕ್ಷತ್ರಗಳ ಗುರುತನ್ನು ನೆಲದಿಂದಲೇ ಅಳೆಯುವುದು ಹೇಗೆ?

ಮೊದಲು ಬೆಳಕಿನ ಬಗ್ಗೆ ಮನೆಯಲ್ಲೇ ಮಾಡಬಹುದಾದ ಒಂದು ಸಣ್ಣ ಪ್ರಯೋಗ. ಕಲಬುರಗಿಯ ಚಳಿಗಾಲದ ಬೆಳಗು ಇದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಡಿಸೆಂಬರ್‌ನಲ್ಲಿ ಮೋಡ ಕಡಿಮೆ, ಆಕಾಶ ಅಚ್ಚ ನೀಲಿ. ಪೋಲರೈಸ್ಡ್ ತಂಪು ಕನ್ನಡಕ ಒಂದಿದ್ದರೆ ಸಾಕು. ಕನ್ನಡಕ ನಿಜವಾಗಿಯೂ ಪೋಲರೈಸ್ಡ್ ಹೌದೋ ಅಲ್ಲವೋ ನೋಡಬೇಕಾದರೆ ಕ್ಯಾಲ್ಕುಲೇಟರ್ ಪರದೆಯ ಮುಂದೆ ಹಿಡಿದು ನಿಧಾನವಾಗಿ ತಿರುಗಿಸಿ. ಯಾವುದೋ ಒಂದು ಕೋನದಲ್ಲಿ ಪರದೆ ಕಪ್ಪಾದರೆ ಕನ್ನಡಕ ಅಸಲಿ.

ಸೂರ್ಯ ಆಗಷ್ಟೇ ಎದ್ದಾಗ ಮಾಳಿಗೆ ಹತ್ತಿ. ಸೂರ್ಯನ ಕಡೆ ಮಾತ್ರ ನೋಡಬೇಡಿ. ತಲೆಯ ಮೇಲಿನ ಆಕಾಶವನ್ನು ಕನ್ನಡಕದ ಗಾಜಿನೊಳಗಿಂದ ನೋಡುತ್ತಾ ಗಾಜನ್ನು ತಿರುಗಿಸಿ. ನೀಲಿ ಒಮ್ಮೆ ಗಾಢವಾಗುತ್ತದೆ, ಕಾಲು ಸುತ್ತಿಗೆ ತಿಳಿಯಾಗುತ್ತದೆ. ಈಗ ಸೂರ್ಯನ ಎದುರು ದಿಕ್ಕಿಗೆ, ಪಡುವಣ ಅಂಚಿನ ಕಡೆಗೆ ತಿರುಗಿ ಅದನ್ನೇ ಮಾಡಿ. ಅಷ್ಟೇನೂ ಬದಲಾವಣೆ ಕಾಣುವುದಿಲ್ಲ. ಸೂರ್ಯನಿಂದ 90 ಡಿಗ್ರಿ ದೂರದಲ್ಲಿ, ಹೆಚ್ಚುಕಡಿಮೆ ಉತ್ತರದಿಂದ ದಕ್ಷಿಣಕ್ಕೆ ತಲೆಯ ಮೇಲೆ ಹಾದುಹೋಗುವ ಒಂದು ಪಟ್ಟಿಯಲ್ಲೇ ಈ ಆಟ ಜೋರು.

ಇದರ ಕಾರಣ ಸರಳ. ಬೆಳಕು ಒಂದು ಅಲೆ. ಅದು ಮುಂದೆ ಹೋಗುವ ದಾರಿಗೆ ಅಡ್ಡಲಾಗಿ ಕಂಪಿಸುತ್ತದೆ. ಸೂರ್ಯನಿಂದ ಹೊರಟ ಬೆಳಕಿನಲ್ಲಿ ಈ ಕಂಪನ ಎಲ್ಲ ದಿಕ್ಕಿಗೂ ಕಲಸಿಹೋಗಿರುತ್ತದೆ. ಆ ಬೆಳಕು ಗಾಳಿಯ ಕಣಕ್ಕೆ ತಾಗಿ ಲಂಬಕೋನದಲ್ಲಿ ಚದುರಿ ನಮ್ಮ ಕಣ್ಣಿಗೆ ಬಂದರೆ, ಒಂದು ದಿಕ್ಕಿನ ಕಂಪನ ಜಾಸ್ತಿ ಉಳಿಯುತ್ತದೆ, ಇನ್ನೊಂದು ಹೆಚ್ಚುಕಡಿಮೆ ಅಳಿಯುತ್ತದೆ. ಹೀಗೆ ಒಂದು ದಿಕ್ಕಿಗೆ ವಾಲಿದ ಬೆಳಕಿಗೆ ಧ್ರುವೀಕರಣಗೊಂಡ ಬೆಳಕು ಅನ್ನುತ್ತೇವೆ. ನೀಲಿ ಆಕಾಶದ ವಾಲಿಕೆಯನ್ನು ನೋಡಿದರೆ ಸಾಕು, ಸೂರ್ಯ ಎಲ್ಲಿದ್ದಾನೆ ಎಂದು ಸೂರ್ಯನನ್ನು ನೋಡದೆಯೇ ಹೇಳಬಹುದು. ಬೆಳಕು ಕೊನೆಯ ಸಲ ಯಾವುದಕ್ಕೆ ತಾಗಿತು, ಯಾವ ಕಡೆಯಿಂದ ಬಂದು ತಾಗಿತು ಎಂಬ ಸುದ್ದಿ ಅದರ ಕಂಪನದಲ್ಲೇ ಇರುತ್ತದೆ.

ಇದೇ ತತ್ವವನ್ನು ಇಡೀ ವಿಶ್ವದಲ್ಲೇ ಅತಿ ಹಳೆಯ ಬೆಳಕಿಗೆ ಅನ್ವಯಿಸಿದರೆ, ಮೊದಲ ನಕ್ಷತ್ರಗಳು ಯಾವಾಗ ಹೊತ್ತಿಕೊಂಡವು ಎಂದು ಲೆಕ್ಕ ಹಾಕಬಹುದು. ಆ ಅಳತೆಯನ್ನು ಉಪಗ್ರಹದಿಂದಷ್ಟೇ ಮಾಡಲು ಸಾಧ್ಯ ಎಂದು ಬಹಳ ಕಾಲ ನಂಬಿದ್ದರು. ನೆಲದ ಮೇಲೆ ನಿಂತು ಅದನ್ನು ಮಾಡಿ ತೋರಿಸಿದ್ದು ನನಗೆ ಇತ್ತೀಚಿನ ವರ್ಷಗಳ ಬಹಳ ದೊಡ್ಡ ಸಾಧನೆಗಳಲ್ಲಿ ಒಂದು ಅನಿಸುತ್ತದೆ. ಅದರ ಬಗ್ಗೆ ಕನ್ನಡದಲ್ಲಿ ವಿವರವಾಗಿ ಬರೆಯಬೇಕು ಅನ್ನುವ ಆಸೆಯಿಂದಲೇ ಈ ಲೇಖನ.

ಎಲ್ಲ ಕಡೆಯಿಂದಲೂ ಬರುವ ಬೆಳಕು

ವಿಶ್ವಕ್ಕೆ ಈಗ ಸುಮಾರು 1,380 ಕೋಟಿ ವರ್ಷ. ಮೊದಲ 3,80,000 ವರ್ಷ ಅದು ತುಂಬಾ ಬಿಸಿಯಾಗಿತ್ತು. ಎಲೆಕ್ಟ್ರಾನ್‌ಗಳು ಪರಮಾಣುಗಳಲ್ಲಿ ನಿಲ್ಲಲಾಗದೆ ಬಿಡಿಬಿಡಿಯಾಗಿ ಓಡಾಡುತ್ತಿದ್ದವು. ಬಿಡಿ ಎಲೆಕ್ಟ್ರಾನ್ ಬೆಳಕನ್ನು ಸುಲಭವಾಗಿ ಚದುರಿಸುತ್ತದೆ. ಆದ್ದರಿಂದ ಬೆಳಕಿಗೆ ನೇರವಾಗಿ ದೂರ ಹೋಗಲು ದಾರಿಯೇ ಇರಲಿಲ್ಲ. ಬಿಸಿ ಸುಮಾರು 3,000 ಕೆಲ್ವಿನ್‌ಗೆ ಇಳಿದಾಗ ಎಲೆಕ್ಟ್ರಾನ್‌ಗಳು ಪ್ರೋಟಾನ್‌ಗಳ ಜೊತೆ ಸೇರಿ ಜಲಜನಕವಾದವು. ಬೆಳಕಿಗೆ ದಾರಿ ಸಿಕ್ಕಿತು. ಅಂದು ಹೊರಟ ಬೆಳಕು ಇನ್ನೂ ಬರುತ್ತಲೇ ಇದೆ. ಅಷ್ಟರಲ್ಲಿ ವಿಶ್ವ ಸುಮಾರು 1,100 ಪಟ್ಟು ಹಿಗ್ಗಿದೆ. ಬೆಳಕಿನ ಅಲೆಯೂ ಅಷ್ಟೇ ಹಿಗ್ಗಿ ಮೈಕ್ರೋವೇವ್ ಆಗಿದೆ. ಅದರ ಬಿಸಿ ಈಗ 2.725 ಕೆಲ್ವಿನ್. ನಮ್ಮ ಮೇ ತಿಂಗಳ 43 ಡಿಗ್ರಿ ಬಿಸಿಲು ಇದೇ ಅಳತೆಯಲ್ಲಿ 316 ಕೆಲ್ವಿನ್ ಆಗುತ್ತದೆ. ಅದರ ಪಕ್ಕದಲ್ಲಿ ಇದು ಎಷ್ಟು ತಣ್ಣಗಿದೆ ಎಂದು ನೀವೇ ನೋಡಿ.

ವಿಶ್ವದ ಮೈಕ್ರೋವೇವ್ ಹಿನ್ನೆಲೆ ಬೆಳಕು ಎಂದು ಇದರ ಹೆಸರು. ಚಿಕ್ಕದಾಗಿ ಸಿಎಂಬಿ ಅನ್ನುತ್ತಾರೆ. 1965ರಲ್ಲಿ ಅಮೆರಿಕದ ಹೋಮ್ಡೆಲ್‌ನಲ್ಲಿ ಬೆಲ್ ಲ್ಯಾಬ್ಸ್‌ನ ಆರ್ನೋ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಇದನ್ನು ಪ್ರಕಟಿಸಿದರು. ಕೊಂಬಿನಾಕಾರದ ಆಂಟೆನಾದಲ್ಲಿ ಎಷ್ಟು ಸರಿಪಡಿಸಿದರೂ ಹೋಗದ ಒಂದು ಗುಯ್‌ಗುಡುವಿಕೆ ಅವರಿಗೆ ಸಿಕ್ಕಿತ್ತು. ಯಾವ ದಿಕ್ಕಿಗೆ ತಿರುಗಿಸಿದರೂ ಅದು ಅಷ್ಟೇ ಇತ್ತು. ಇವತ್ತಿಗೂ ನೀವು ಕುಳಿತಲ್ಲೇ, ನಿಮ್ಮ ಸುತ್ತಲಿನ ಒಂದೊಂದು ಘನ ಸೆಂಟಿಮೀಟರ್ ಜಾಗದಲ್ಲೂ ಈ ಬೆಳಕಿನ ಸುಮಾರು 411 ಕಣಗಳಿವೆ.

ಈ ಬೆಳಕು ಎಲ್ಲ ಕಡೆಯೂ ಪೂರ್ತಿ ಒಂದೇ ಸಮ ಇಲ್ಲ. ಲಕ್ಷದಲ್ಲಿ ಒಂದು ಪಾಲಿನಷ್ಟು ಏರುಪೇರಿದೆ ಎಂದು ಕೋಬಿ ಉಪಗ್ರಹ 1992ರಲ್ಲಿ ತೋರಿಸಿತು. ಆ ಏರುಪೇರೇ ಮುಂದೆ ಗ್ಯಾಲಕ್ಸಿಗಳಾಗಿ ಬೆಳೆದದ್ದು.

ಎಲೆಕ್ಟ್ರಾನ್ ನೋಡಿದ ಆಕಾಶ

ಧ್ರುವೀಕರಣ ಎಲ್ಲಿಂದ ಬಂತು? ಒಂದು ಎಲೆಕ್ಟ್ರಾನ್‌ನ ಜಾಗದಲ್ಲಿ ನಿಂತು ಯೋಚಿಸಿ. ಸುತ್ತಲಿಂದ ಬೆಳಕು ಬಂದು ಅದಕ್ಕೆ ತಾಗುತ್ತಿದೆ. ನಾಲ್ಕೂ ಕಡೆಯಿಂದ ಒಂದೇ ಸಮ ಬಂದರೆ, ಚದುರಿದ ಬೆಳಕಿನಲ್ಲಿ ಯಾವ ವಾಲಿಕೆಯೂ ಇರುವುದಿಲ್ಲ. ಒಂದರದ್ದು ಇನ್ನೊಂದು ಹೊಡೆದುಹಾಕುತ್ತದೆ. ಆದರೆ ಪೂರ್ವ–ಪಶ್ಚಿಮದಿಂದ ಬರುವ ಬೆಳಕು ಸ್ವಲ್ಪ ಬಿಸಿ, ಉತ್ತರ–ದಕ್ಷಿಣದಿಂದ ಬರುವುದು ಸ್ವಲ್ಪ ತಂಪು ಇದ್ದರೆ ವಾಲಿಕೆ ಹುಟ್ಟುತ್ತದೆ. ನೀಲಿ ಆಕಾಶದಲ್ಲಿ ಬೆಳಕು ಒಬ್ಬ ಸೂರ್ಯನಿಂದ ಬರುವುದರಿಂದ ವಾಲಿಕೆ ಜೋರು. ಇಲ್ಲಿ ವ್ಯತ್ಯಾಸವೇ ತೀರಾ ಸಣ್ಣದು. ಹಾಗಾಗಿ ವಾಲಿಕೆಯೂ ಸಣ್ಣದು. 2002ರಲ್ಲಿ ದಕ್ಷಿಣ ಧ್ರುವದಲ್ಲಿದ್ದ ಡಾಸಿ ಎಂಬ ಉಪಕರಣ ಇದನ್ನು ಮೊದಲ ಸಲ ಹಿಡಿಯಿತು.

ಡಾಸಿ ನೋಡಿದ್ದು ಒಂದು ಡಿಗ್ರಿ ಆಸುಪಾಸಿನ ಸಣ್ಣ ಮಚ್ಚೆಗಳನ್ನು, ಅಂದರೆ ವಾಲಿಕೆ ಹೆಚ್ಚುಕಡಿಮೆ ಒಂದೇ ತೆರನಾಗಿರುವ ಆಕಾಶದ ತುಣುಕುಗಳನ್ನು. ಅವು 3,80,000ನೇ ವರ್ಷದ ಚದುರುವಿಕೆಯಿಂದ ಬಂದವು. ಅಂಥ ಸಣ್ಣ ಮಚ್ಚೆಗಳನ್ನು ಅಳೆಯುವುದರಲ್ಲಿ ನೆಲದ ಟೆಲಿಸ್ಕೋಪುಗಳು ಈಗ ಚೆನ್ನಾಗಿ ಪಳಗಿವೆ. ನಮ್ಮ ಕಥೆ ದೊಡ್ಡ ಮಚ್ಚೆಗಳದ್ದು. ಕೈ ಮುಂದೆ ಚಾಚಿ ಮುಷ್ಟಿ ಕಟ್ಟಿದರೆ ಆಕಾಶದಲ್ಲಿ ಅದರ ಅಗಲ ಸುಮಾರು 10 ಡಿಗ್ರಿ. ಗೇಣು ಬಿಡಿಸಿದರೆ ಸುಮಾರು 20. ನಾವು ಹುಡುಕುತ್ತಿರುವುದು ಒಂದು ಗೇಣಿಗಿಂತ ದೊಡ್ಡ, ಅರ್ಧ ಆಕಾಶಕ್ಕೇ ಹರಡಿಕೊಂಡ ವಾಲಿಕೆ.

ಅದು ಹುಟ್ಟಿದ್ದು ತಡವಾಗಿ. ಜಲಜನಕ ಕಟ್ಟಿಕೊಂಡ ಮೇಲೆ ಕೋಟಿಗಟ್ಟಲೆ ವರ್ಷ ವಿಶ್ವದಲ್ಲಿ ಒಂದು ನಕ್ಷತ್ರವೂ ಇರಲಿಲ್ಲ. ಆಮೇಲೆ ಮೊದಲ ನಕ್ಷತ್ರಗಳು ಹೊತ್ತಿಕೊಂಡವು. ಅವುಗಳ ತೀಕ್ಷ್ಣವಾದ ನೇರಳಾತೀತ ಬೆಳಕು ಸುತ್ತಲಿನ ಜಲಜನಕವನ್ನು ಮತ್ತೆ ಒಡೆಯಿತು. ಎಲೆಕ್ಟ್ರಾನ್‌ಗಳು ಎರಡನೇ ಸಲ ಬಿಡಿಯಾದವು. ಇದಕ್ಕೆ ಮರು ಅಯಾನೀಕರಣ ಅನ್ನುತ್ತಾರೆ. ಅಷ್ಟರಲ್ಲಿ ವಿಶ್ವ ಬಹಳ ಹಿಗ್ಗಿತ್ತು, ಎಲೆಕ್ಟ್ರಾನ್‌ಗಳು ದೂರದೂರ ಇದ್ದವು. ಹಾಗಾಗಿ ಹಳೆಯ ಬೆಳಕಿನಲ್ಲಿ ಬಹುಪಾಲು ಯಾವುದಕ್ಕೂ ತಾಗದೆ ಬಂದುಬಿಟ್ಟಿತು. ನೂರರಲ್ಲಿ ಐದಾರು ಪಾಲು ಮಾತ್ರ ಎರಡನೇ ಸಲ ಚದುರಿತು. ಚದುರಿದಷ್ಟು ಬೆಳಕು ಹೊಸ ವಾಲಿಕೆ ಪಡೆಯಿತು. ಆ ಕಾಲದ ಎಲೆಕ್ಟ್ರಾನ್‌ಗೆ ಕಾಣುತ್ತಿದ್ದ ಆಕಾಶ ಬಹಳ ದೊಡ್ಡದಾಗಿದ್ದುದರಿಂದ, ಅದು ಬಿಟ್ಟ ಗುರುತೂ ನಮಗೆ ಗೇಣುಗಟ್ಟಲೆ ದೊಡ್ಡದಾಗಿ ಕಾಣುತ್ತದೆ.

ಎಷ್ಟು ಪಾಲು ಹೀಗೆ ಚದುರಿತು ಎನ್ನುವ ಸಂಖ್ಯೆಯನ್ನು ವಿಜ್ಞಾನಿಗಳು ಟೌ ಎಂಬ ಗ್ರೀಕ್ ಅಕ್ಷರದಿಂದ ಗುರುತಿಸುತ್ತಾರೆ. ನಕ್ಷತ್ರಗಳು ಬೇಗ ಹುಟ್ಟಿದ್ದರೆ ಎಲೆಕ್ಟ್ರಾನ್‌ಗಳು ಬೇಗ ಬಿಡಿಯಾಗುತ್ತವೆ, ಆಗ ವಿಶ್ವ ಇನ್ನೂ ಒತ್ತಾಗಿರುತ್ತದೆ, ಹೆಚ್ಚು ಬೆಳಕು ಚದುರುತ್ತದೆ, ಟೌ ದೊಡ್ಡದಾಗುತ್ತದೆ. ತಡವಾಗಿ ಹುಟ್ಟಿದ್ದರೆ ಟೌ ಚಿಕ್ಕದು.

ಈ ಸಂಖ್ಯೆಯ ಇತಿಹಾಸ ನೋಡಿದರೆ ಅಳತೆ ಎಷ್ಟು ಕಷ್ಟದ್ದು ಎಂದು ಗೊತ್ತಾಗುತ್ತದೆ. 2003ರಲ್ಲಿ ಡಬ್ಲ್ಯೂಮ್ಯಾಪ್ ಉಪಗ್ರಹದ ಮೊದಲ ವರ್ಷದ ಫಲಿತಾಂಶ ಟೌ 0.17 ಎಂದಿತು. ಅದರ ಪ್ರಕಾರ ಮೊದಲ ನಕ್ಷತ್ರಗಳು ಮಹಾಸ್ಫೋಟವಾದ 20 ಕೋಟಿ ವರ್ಷಕ್ಕೇ ಬೆಳಗಿದ್ದವು. ಒಂಬತ್ತು ವರ್ಷದ ದತ್ತಾಂಶ ಸೇರಿದ ಮೇಲೆ ಅದೇ ಉಪಗ್ರಹ 0.09ರ ಹತ್ತಿರಕ್ಕೆ ಬಂತು. 2009ರಲ್ಲಿ ಹಾರಿದ ಯುರೋಪಿನ ಪ್ಲಾಂಕ್ ಉಪಗ್ರಹ 2018ರ ಅಂತಿಮ ಲೆಕ್ಕದಲ್ಲಿ 0.054 ಅಂದಿತು. ಇದರಂತೆ ಮರು ಅಯಾನೀಕರಣದ ನಡು ಘಟ್ಟ ಸುಮಾರು 70 ಕೋಟಿ ವರ್ಷದ ಹೊತ್ತಿಗೆ ಬರುತ್ತದೆ. ಹದಿನೈದು ವರ್ಷದಲ್ಲಿ ಸಂಖ್ಯೆ ಮೂರನೇ ಒಂದಕ್ಕೆ ಇಳಿಯಿತು. ಎರಡೂ ತಂಡದವರು ಅನುಭವಿಗಳೇ, ಎರಡೂ ಒಳ್ಳೆಯ ಉಪಗ್ರಹಗಳೇ. ಹೀಗಿರುವಾಗ ಬೇರೆಯೇ ವಿಧಾನದಲ್ಲಿ, ಬೇರೆಯೇ ಜಾಗದಿಂದ ಇನ್ನೊಂದು ಅಳತೆ ಬೇಕು ಅನಿಸುವುದು ಸಹಜ ಅಲ್ವಾ?

ಕಲಬುರಗಿಯಿಂದ ಯಾಕಾಗದು?

ಈ ವಿಷಯ ಹೇಳುವಾಗ ಹುಡುಗರು ಕೇಳುವ ಮೊದಲ ಪ್ರಶ್ನೆ ಬಹಳ ಒಳ್ಳೆಯದು: "ಸರ್, ಅಷ್ಟು ದೂರ ಯಾಕ್ ಹೋಗ್ಬೇಕ್ರಿ? ನಮ್ಮೂರಾಗಿಂದ ನೋಡ್ಲಿಕ್ಕೆ ಬರಂಗಿಲ್ಲೇನ್ರಿ?"

ಆಕಾಶದ ಲೆಕ್ಕದಲ್ಲಿ ನೋಡಿದರೆ ಖಂಡಿತ ಬರುತ್ತದೆ. ಕಲಬುರಗಿ ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ನೆಲದಿಂದ ಈ ಅಳತೆ ಮಾಡಿದ ಕ್ಲಾಸ್ ಎಂಬ ಟೆಲಿಸ್ಕೋಪುಗಳ ಗುಂಪು ಚಿಲಿ ದೇಶದಲ್ಲಿ 23 ಡಿಗ್ರಿ ದಕ್ಷಿಣದಲ್ಲಿದೆ. ಅಲ್ಲಿಂದ ಅದು ನೋಡುವ ಆಕಾಶ ಹೆಚ್ಚುಕಡಿಮೆ ಎಲ್ಲವೂ ವರ್ಷದ ಯಾವುದಾದರೂ ಹೊತ್ತಿನಲ್ಲಿ ನಮ್ಮ ಕಣ್ಣಿಗೂ ಏರಿ ಇಳಿಯುತ್ತದೆ. ಅಡ್ಡಿ ಇರುವುದು ಮಧ್ಯದ ಗಾಳಿಯದ್ದು. ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಅದರ ಮೇಲೆ ದಪ್ಪ ಗಾಳಿಯ ಪದರ. ಗಾಳಿಯಲ್ಲಿರುವ ನೀರಾವಿ ಮತ್ತು ಆಮ್ಲಜನಕ ಎರಡೂ ಮೈಕ್ರೋವೇವನ್ನು ಹೀರುತ್ತವೆ. ಹೀರುವುದಷ್ಟೇ ಆಗಿದ್ದರೆ ಅಷ್ಟು ಕಷ್ಟವಿರಲಿಲ್ಲ. ಹೀರುವ ವಸ್ತು ತಾನೂ ಮೈಕ್ರೋವೇವ್ ಸೂಸುತ್ತದೆ. ಅಂದರೆ ಟೆಲಿಸ್ಕೋಪಿನ ಕಣ್ಣಿಗೆ ಗಾಳಿಯೇ ಹೊಳೆಯುತ್ತಿರುತ್ತದೆ. ಮಳೆಗಾಲದಲ್ಲಿ ನಮ್ಮ ತಲೆಯ ಮೇಲಿನ ನೀರಾವಿಯನ್ನೆಲ್ಲ ಇಳಿಸಿ ನೀರಾಗಿಸಿ ಹರಡಿದರೆ ಕೆಲವು ಸೆಂಟಿಮೀಟರ್ ಆಳ ಬರುತ್ತದೆ. ಚಿಲಿಯ ಅಟಕಾಮ ಮರುಭೂಮಿಯ ಎತ್ತರದ ಜಾಗಗಳಲ್ಲಿ ಒಣ ದಿನಗಳಂದು ಅದು ಒಂದು ಮಿಲಿಮೀಟರ್ ಆಸುಪಾಸು.

ಕ್ಲಾಸ್ ಇರುವುದು ಅಲ್ಲೇ, ಸೆರೋ ಟೋಕೋ ಎಂಬ ಬೆಟ್ಟದ ಮೇಲೆ, ಸುಮಾರು 5,200 ಮೀಟರ್ ಎತ್ತರದಲ್ಲಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ನೇತೃತ್ವದ ಕೆಲಸ. ಡಬ್ಲ್ಯೂಮ್ಯಾಪ್ ಉಪಗ್ರಹವನ್ನು ಮುನ್ನಡೆಸಿದ ಚಾರ್ಲ್ಸ್ ಬೆನೆಟ್ ಮತ್ತು ಅವರ ಸಹೋದ್ಯೋಗಿ ಟೋಬಿಯಾಸ್ ಮ್ಯಾರೇಜ್ ಇದರ ಮುಂದಾಳುಗಳು. 2016ರಿಂದ ಅದು ಆಕಾಶ ನೋಡುತ್ತಿದೆ. 40, 90, 150 ಮತ್ತು 220 ಗಿಗಾಹರ್ಟ್ಸ್ ಎಂಬ ನಾಲ್ಕು ಆವರ್ತನಗಳಲ್ಲಿ (ಅಲೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎನ್ನುವ ಅಳತೆ) ಅದು ಅಳೆಯುತ್ತದೆ. ಈ ಸಂಖ್ಯೆಗಳನ್ನು ಸುಮ್ನೆ ಆರಿಸಿದ್ದಲ್ಲ. ಆಮ್ಲಜನಕ 60 ಮತ್ತು 118ರ ಹತ್ತಿರ, ನೀರಾವಿ 22 ಮತ್ತು 183ರ ಹತ್ತಿರ ಜೋರಾಗಿ ಹೊಳೆಯುತ್ತವೆ. ಅವುಗಳ ನಡುವೆ ಉಳಿದ ಸಂದುಗಳಲ್ಲಿ ಈ ನಾಲ್ಕು ಕೂರುತ್ತವೆ.

ಆದರೆ ಬೆಟ್ಟ ಹತ್ತಿದರೆ ಸಮಸ್ಯೆ ಮುಗಿಯಲಿಲ್ಲ. ಅಷ್ಟು ಎತ್ತರದಲ್ಲೂ ಉಳಿದ ಗಾಳಿಯ ಹೊಳಪು ಕೆಲವು ಕೆಲ್ವಿನ್‌ಗಳಷ್ಟಿರುತ್ತದೆ. ನಾವು ಹುಡುಕುವ ದೊಡ್ಡ ಮಚ್ಚೆಗಳ ವಾಲಿಕೆ ಒಂದು ಮೈಕ್ರೋಕೆಲ್ವಿನ್‌ಗಿಂತಲೂ, ಅಂದರೆ ಕೆಲ್ವಿನ್‌ನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಹಿನ್ನೆಲೆ ಬೆಳಕಿನ ಒಟ್ಟು 2.7 ಕೆಲ್ವಿನ್‌ನಲ್ಲಿ ಅದು ಕೋಟಿಗೆ ಒಂದೆರಡು ಪಾಲು.

ಇಲ್ಲಿ ಒಂದು ಮಾತನ್ನು ನಿಧಾನವಾಗಿ ಹೇಳಬೇಕು, ಯಾಕೆಂದರೆ ಇಡೀ ಕಷ್ಟದ ತಿರುಳು ಇದರಲ್ಲೇ ಇದೆ. ಸಿಗ್ನಲ್ ಸಣ್ಣದಾಗಿರುವುದು ಒಂದು ತೊಂದರೆ ಮಾತ್ರ. ಸಣ್ಣದನ್ನು ತಾಳ್ಮೆಯಿಂದ ಅಳೆಯಬಹುದು. ವರ್ಷಗಟ್ಟಲೆ ನೋಡಿ, ಸರಾಸರಿ ತೆಗೆದರೆ ಗದ್ದಲ ಇಳಿಯುತ್ತದೆ. ನಿಜವಾದ ತೊಂದರೆ ಮಚ್ಚೆ ದೊಡ್ಡದಾಗಿರುವುದು. ಅಕ್ಕಪಕ್ಕದ ಎರಡು ಬಿಂದುಗಳನ್ನು ಹೋಲಿಸುವುದು ಸುಲಭ. ಟೆಲಿಸ್ಕೋಪು ಕ್ಷಣಮಾತ್ರದಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ, ಅಷ್ಟರಲ್ಲಿ ಏನೂ ಬದಲಾಗಿರುವುದಿಲ್ಲ. 90 ಡಿಗ್ರಿ ದೂರದ ಎರಡು ಬಿಂದುಗಳನ್ನು ಹೋಲಿಸಬೇಕಾದರೆ? ಟೆಲಿಸ್ಕೋಪು ತಿರುಗುವಷ್ಟರಲ್ಲಿ ಗಾಳಿ ಸರಿದಿರುತ್ತದೆ. ಉಪಕರಣದ ಬಿಸಿ ಒಂದಿಷ್ಟು ಏರಿರುತ್ತದೆ. ಡಿಟೆಕ್ಟರ್ ತುಸು ಬದಲಾಗಿರುತ್ತದೆ. ಕಂಡ ವ್ಯತ್ಯಾಸ ಆಕಾಶದ್ದೋ ಗಾಳಿಯದ್ದೋ ಎಂದು ಹೇಳುವುದು ಹೇಗೆ? ಗಾಳಿ ನಿಧಾನವಾಗಿ ಬದಲಾಗುತ್ತದೆ, ದೊಡ್ಡ ಮಚ್ಚೆಯೂ ನಿಧಾನವಾಗಿ ಬದಲಾಗುತ್ತದೆ. ಎರಡೂ ಒಂದೇ ವೇಗದಲ್ಲಿ ಬರುವುದರಿಂದ ಕಲಸಿಹೋಗುತ್ತವೆ. ಉಪಗ್ರಹಗಳಿಗೆ ಗಾಳಿಯ ಕಾಟ ಇರಲಿಲ್ಲ. ಜೊತೆಗೆ ಡಬ್ಲ್ಯೂಮ್ಯಾಪ್ ಸುಮಾರು 140 ಡಿಗ್ರಿ ಅಂತರದ ಎರಡು ದಿಕ್ಕುಗಳನ್ನು ಒಂದೇ ಕ್ಷಣದಲ್ಲಿ ನೋಡಿ ಹೋಲಿಸುತ್ತಿತ್ತು.

ಅಲುಗುವ ಕನ್ನಡಿ

ಕ್ಲಾಸ್ ತಂಡ ಇದಕ್ಕೆ ಕಂಡುಕೊಂಡ ದಾರಿ ನನಗೆ ಬಹಳ ಹಿಡಿಸಿದ್ದು. ನಮ್ಮ ಶರಣಬಸವೇಶ್ವರ ಜಾತ್ರೆಯ ಗದ್ದಲವನ್ನು ನೆನೆಸಿಕೊಳ್ಳಿ. ಜನರ ಮಾತು, ಮೈಕು, ಗಾಡಿಗಳ ಸದ್ದು ಏರುತ್ತ ಇಳಿಯುತ್ತ ಇರುತ್ತದೆ. ಆದರೂ ದೂರದಲ್ಲಿ ಯಾರೋ ಒಂದೇ ತಾಳದಲ್ಲಿ ಹಲಗೆ ಬಾರಿಸುತ್ತಿದ್ದರೆ ಕಿವಿ ಅದನ್ನು ಹೆಕ್ಕಿಕೊಳ್ಳುತ್ತದೆ. ತಾಳ ಗೊತ್ತಿದ್ದರೆ ಇನ್ನೂ ಸುಲಭ. ಆಕಾಶದ ವಾಲಿಕೆಗೆ ಹೀಗೇ ಒಂದು ತಾಳ ಕೊಟ್ಟುಬಿಟ್ಟರೆ ಗಾಳಿಯ ಗದ್ದಲದಿಂದ ಅದನ್ನು ಹೆಕ್ಕಬಹುದು.

ತಾಳ ಕೊಡುವ ಉಪಕರಣ ಟೆಲಿಸ್ಕೋಪಿನ ಎಲ್ಲಕ್ಕಿಂತ ಮುಂದಿದೆ. ಸುಮಾರು 60 ಸೆಂಟಿಮೀಟರ್ ಅಗಲದ ಒಂದು ಚೌಕಟ್ಟು. ಅದರಲ್ಲಿ ಕೂದಲಿಗಿಂತ ತೆಳ್ಳಗಿನ ಟಂಗ್‌ಸ್ಟನ್ ತಂತಿಗಳನ್ನು ಒತ್ತೊತ್ತಾಗಿ, ಒಂದಕ್ಕೊಂದು ಸಮಾನಾಂತರವಾಗಿ ಎಳೆದು ಕಟ್ಟಿದ್ದಾರೆ. ತಂತಿಗಳ ಹಿಂದೆ ಒಂದು ಚಪ್ಪಟೆ ಕನ್ನಡಿ. ಆಕಾಶದ ಬೆಳಕು ಬಂದಾಗ, ತಂತಿಯುದ್ದಕ್ಕೆ ಕಂಪಿಸುವ ಪಾಲು ತಂತಿಯಿಂದಲೇ ಹಿಂದಕ್ಕೆ ಹೋಗುತ್ತದೆ. ತಂತಿಗೆ ಅಡ್ಡ ಕಂಪಿಸುವ ಪಾಲು ಸಂದಿನಲ್ಲಿ ನುಗ್ಗಿ ಕನ್ನಡಿಗೆ ತಾಗಿ ವಾಪಸಾಗುತ್ತದೆ. ಅಂದರೆ ಎರಡನೇ ಪಾಲು ಸ್ವಲ್ಪ ಜಾಸ್ತಿ ದಾರಿ ನಡೆದಿರುತ್ತದೆ. ಈಗ ಕನ್ನಡಿಯನ್ನು ಸೆಕೆಂಡಿಗೆ ಹತ್ತು ಸಲ ಹಿಂದೆ ಮುಂದೆ ಅಲುಗಿಸುತ್ತಾರೆ. ಎರಡು ಪಾಲುಗಳ ನಡುವಿನ ಅಂತರ ಸೆಕೆಂಡಿಗೆ ಹತ್ತು ಸಲ ಬದಲಾಗುತ್ತದೆ. ಬೆಳಕಿನಲ್ಲಿ ವಾಲಿಕೆ ಇದ್ದರೆ, ಅದು ನೇರ ವಾಲಿಕೆಯಿಂದ ಸುತ್ತುವ ವಾಲಿಕೆಗೆ (ಕಂಪನದ ದಿಕ್ಕು ಸುತ್ತುತ್ತಾ ಹೋಗುವ ಬಗೆ), ಮತ್ತೆ ನೇರಕ್ಕೆ ತಿರುಗುತ್ತಲೇ ಇರುತ್ತದೆ. ಡಿಟೆಕ್ಟರ್‌ನಲ್ಲಿ ಅದು ಹತ್ತರ ತಾಳದಲ್ಲಿ ಕಾಣುತ್ತದೆ.

ಗಾಳಿಯ ಹೊಳಪಿಗೆ ವಾಲಿಕೆ ತೀರಾ ಕಡಿಮೆ. ಕನ್ನಡಿ ಎಷ್ಟು ಅಲುಗಿದರೂ ಅದರಲ್ಲಿ ತಾಳ ಹುಟ್ಟುವುದಿಲ್ಲ. ಹಾಗಾಗಿ ಗಾಳಿ ನಿಧಾನವಾಗಿ ಏರಿಳಿಯುತ್ತಾ ಹಿಂದೆ ಉಳಿಯುತ್ತದೆ. ಉಪಕರಣ ಎಲ್ಲಕ್ಕಿಂತ ಮುಂದಿರುವುದು ಇನ್ನೂ ಮುಖ್ಯ. ಟೆಲಿಸ್ಕೋಪಿನ ಒಳಗಿನ ಕನ್ನಡಿ, ಲೆನ್ಸ್, ಕಿಟಕಿಗಳೂ ತಮ್ಮದೇ ಸಣ್ಣ ವಾಲಿಕೆ ಸೇರಿಸುತ್ತವೆ. ಅವೆಲ್ಲ ತಾಳ ಕೊಟ್ಟ ಮೇಲೆ ಬರುವುದರಿಂದ ಅವುಗಳಿಗೆ ತಾಳ ಇರುವುದಿಲ್ಲ. ಮೊದಲೇ ಗುರುತು ಹಾಕಿ ಕಳಿಸಿದ್ದನ್ನು ಮಾತ್ರ ಕೊನೆಯಲ್ಲಿ ಎಣಿಸುತ್ತಾರೆ.

ಡಿಟೆಕ್ಟರ್‌ಗಳನ್ನು 0.1 ಕೆಲ್ವಿನ್‌ಗಿಂತಲೂ ತಣ್ಣಗೆ ಇಡುತ್ತಾರೆ, ಇಲ್ಲದಿದ್ದರೆ ಅವುಗಳ ಸ್ವಂತ ಬಿಸಿಯೇ ಗದ್ದಲವಾಗುತ್ತದೆ.

ಇದರಿಂದ ಒಂದು ಬೋನಸ್ಸೂ ಸಿಕ್ಕಿತು. ಸುತ್ತುವ ವಾಲಿಕೆಯನ್ನೂ ಅಳೆಯಬಲ್ಲ ಉಪಕರಣ ಆದದ್ದರಿಂದ, ಗಾಳಿಯ ಆಮ್ಲಜನಕ ಭೂಮಿಯ ಕಾಂತಕ್ಷೇತ್ರಕ್ಕೆ ಸಿಕ್ಕಿ ಸೂಸುವ ಸಣ್ಣ ಸುತ್ತುವ ವಾಲಿಕೆ ಕ್ಲಾಸ್‌ಗೆ ಕಂಡಿತು. 40 ಗಿಗಾಹರ್ಟ್ಸ್‌ನಲ್ಲಿ ಅದು ಲೆಕ್ಕಕ್ಕೆ ಸರಿಯಾಗಿ ಹೊಂದಿತು. ನಮ್ಮ ಉಸಿರಿನ ಗಾಳಿ ಮತ್ತು ದಿಕ್ಸೂಚಿಯನ್ನು ತಿರುಗಿಸುವ ಅದೇ ಕಾಂತಕ್ಷೇತ್ರ, ಎರಡೂ ಸೇರಿ ಟೆಲಿಸ್ಕೋಪು ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ಖಾತ್ರಿ ಮಾಡಿಕೊಟ್ಟವು. ಇದನ್ನು ಓದಿದಾಗ ನನಗಾದ ಖುಷಿ ಸಣ್ಣದಲ್ಲ.

ಸುತ್ತುವ ಕ್ರಮವೂ ಯೋಚಿಸಿ ಮಾಡಿದ್ದು. ಟೆಲಿಸ್ಕೋಪು ದಿಗಂತದಿಂದ 45 ಡಿಗ್ರಿ ಎತ್ತರಕ್ಕೆ ನೋಡುತ್ತಾ ಸುತ್ತಲೂ ಒಂದೇ ಸಮನೆ ತಿರುಗುತ್ತದೆ. ಎತ್ತರ ಬದಲಿಸುವುದಿಲ್ಲ, ಬದಲಿಸಿದರೆ ಮುಂದಿರುವ ಗಾಳಿಯ ದಪ್ಪ ಬದಲಾಗುತ್ತದೆ. ಆಕಾಶದ ಉಳಿದ ಭಾಗವನ್ನು ಭೂಮಿಯ ತಿರುಗುವಿಕೆಯೇ ಕಣ್ಣೆದುರು ತರುತ್ತದೆ. ಜೊತೆಗೆ, ನೋಡುವ ದಿಕ್ಕನ್ನೇ ಅಕ್ಷವಾಗಿಟ್ಟುಕೊಂಡು ಇಡೀ ಟೆಲಿಸ್ಕೋಪನ್ನು ದಿನಕ್ಕೆ 15 ಡಿಗ್ರಿ ಹೊರಳಿಸುತ್ತಾರೆ. ವಾರಕ್ಕೆ ಏಳು ಕೋನಗಳಾಗುತ್ತವೆ. ಆಕಾಶದ ವಾಲಿಕೆ ಆಕಾಶಕ್ಕೆ ಅಂಟಿರುತ್ತದೆ, ಉಪಕರಣದ ದೋಷ ಉಪಕರಣಕ್ಕೆ ಅಂಟಿರುತ್ತದೆ. ಹೊರಳಿಸಿದಾಗ ಎರಡೂ ಬೇರೆಬೇರೆ ನಡೆಯುತ್ತವೆ. ಹೀಗೆ ಆಕಾಶದ ಸುಮಾರು ಶೇಕಡಾ 75 ಭಾಗದ ನಕ್ಷೆ ಸಿಗುತ್ತದೆ.

ಇಷ್ಟಾದರೂ ಬೆಟ್ಟ, ನೆಲ ಎಲ್ಲವೂ ಮೈಕ್ರೋವೇವ್ ಸೂಸುತ್ತವೆ, ಪಕ್ಕದಿಂದ ಒಂದಿಷ್ಟು ಒಳಗೆ ನುಸುಳುತ್ತದೆ. ಅದನ್ನು ಲೆಕ್ಕದಲ್ಲಿ ತೆಗೆಯುವಾಗ ನಿಜವಾದ ದೊಡ್ಡ ಮಚ್ಚೆಯ ಒಂದು ಪಾಲೂ ಹೋಗಿಬಿಡುತ್ತದೆ. ಎಷ್ಟು ಹೋಯಿತು ಎಂದು ತಿಳಿಯಲು ಕಂಪ್ಯೂಟರಿನಲ್ಲಿ ಕೃತಕ ಆಕಾಶ ಮಾಡಿ, ಅದನ್ನು ಇದೇ ಜರಡಿಗಳಲ್ಲಿ ಹಾಯಿಸಿ ನೋಡಬೇಕು. ಲೆಕ್ಕದ ಕೆಲಸ ಬೆಟ್ಟದ ಮೇಲಿನ ಕೆಲಸಕ್ಕಿಂತ ಕಡಿಮೆಯೇನಲ್ಲ.

ಆಮೇಲೆ ನಮ್ಮದೇ ಆಕಾಶಗಂಗೆ. ಅದರ ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನ್‌ಗಳೂ ಧೂಳಿನ ಕಣಗಳೂ ವಾಲಿದ ಮೈಕ್ರೋವೇವನ್ನೇ ಸೂಸುತ್ತವೆ. ಇದಕ್ಕೆ ಅಲುಗುವ ಕನ್ನಡಿಯಿಂದ ಪರಿಹಾರವಿಲ್ಲ, ಏಕೆಂದರೆ ಇದೂ ಆಕಾಶದಿಂದಲೇ ಬರುವ ವಾಲಿಕೆ. 2014ರಲ್ಲಿ ದಕ್ಷಿಣ ಧ್ರುವದ ಬೈಸೆಪ್2 ತಂಡ ವಿಶ್ವದ ಹುಟ್ಟಿನ ಗುರುತ್ವ ಅಲೆಗಳ ಗುರುತು ಸಿಕ್ಕಿತು ಎಂದು ಘೋಷಿಸಿತ್ತು. ಮರುವರ್ಷ ಪ್ಲಾಂಕ್ ಜೊತೆ ಸೇರಿ ಲೆಕ್ಕ ಹಾಕಿದಾಗ ಅದರಲ್ಲಿ ಬಹುಪಾಲು ಧೂಳಿನದ್ದೇ ಎಂದು ತಿಳಿಯಿತು. ಧೂಳು ಹೆಚ್ಚಿನ ಆವರ್ತನದಲ್ಲಿ ಜೋರು, ಎಲೆಕ್ಟ್ರಾನ್‌ಗಳದ್ದು ಕಡಿಮೆಯಲ್ಲಿ ಜೋರು. ಹಿನ್ನೆಲೆ ಬೆಳಕಿನ ವರ್ತನೆ ಎರಡರಂತೆಯೂ ಇಲ್ಲ. ಕ್ಲಾಸ್‌ಗೆ ನಾಲ್ಕು ಆವರ್ತನ ಬೇಕಾದದ್ದು ಇವನ್ನು ಬೇರ್ಪಡಿಸಲಿಕ್ಕೆ.

0.053

ಕ್ಲಾಸ್ ತಂಡದ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ತಮ್ಮ 90 ಗಿಗಾಹರ್ಟ್ಸ್ ನಕ್ಷೆಯನ್ನು ಡಬ್ಲ್ಯೂಮ್ಯಾಪ್ ಮತ್ತು ಪ್ಲಾಂಕ್ ನಕ್ಷೆಗಳ ಜೊತೆ ಅವರು ಹೋಲಿಸಿದರು. ಎರಡು ಬೇರೆ ಉಪಕರಣಗಳ ನಕ್ಷೆಗಳನ್ನು ಒಂದಕ್ಕೊಂದು ಗುಣಿಸಿದರೆ, ಒಂದರ ದೋಷ ಇನ್ನೊಂದರಲ್ಲಿ ಇಲ್ಲದ ಕಾರಣ ಸರಾಸರಿಯಲ್ಲಿ ಕಳೆದುಹೋಗುತ್ತದೆ. ಎರಡರಲ್ಲೂ ಇರುವ ಆಕಾಶ ಮಾತ್ರ ಉಳಿಯುತ್ತದೆ. ಟೌ 0.053 ಬಂತು. ತಪ್ಪಿನ ಅಂದಾಜು ಸುಮಾರು 0.018. ಪ್ಲಾಂಕ್‌ನ 0.054ರ ತಪ್ಪಿನ ಅಂದಾಜು 0.007. ಅಂದರೆ ಉಪಗ್ರಹವೇ ಇನ್ನೂ ಹೆಚ್ಚು ನಿಖರ.

ಹಾಗಾದರೆ ಇದರಿಂದ ಹೊಸದೇನು ಬಂತು ಎಂದು ಕೇಳಬಹುದು. ನನ್ನ ಪ್ರಕಾರ ತುಂಬಾ ಬಂತು. ಟೌ 0.17ರಿಂದ 0.054ಕ್ಕೆ ಇಳಿದ ದಾರಿ ನೆನಪಿರಲಿ. ಈಗ ಬೇರೆ ತಂತ್ರ, ಬೇರೆ ಜಾಗ, ಬೇರೆಯದೇ ದೋಷಗಳಿರುವ ಮೂರನೇ ಉಪಕರಣ ಸೇರಿದಾಗಲೂ ಅದೇ ಸಂಖ್ಯೆ ಬಂದಿದೆ. ಜೊತೆಗೆ ಉಪಗ್ರಹವನ್ನು ಒಮ್ಮೆ ಹಾರಿಸಿದರೆ ಮುಗಿಯಿತು, ಡಿಟೆಕ್ಟರ್ ಬದಲಿಸಲಾಗದು. ಬೆಟ್ಟದ ಮೇಲಿನದ್ದನ್ನು ವರ್ಷವರ್ಷವೂ ಸುಧಾರಿಸಬಹುದು.

ಇನ್ನೊಂದು ಅಳತೆ ಎಷ್ಟು ಮುಖ್ಯ ಎನ್ನುವುದಕ್ಕೆ ಕರ್ನಾಟಕದಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಇದೇ ಮೊದಲ ನಕ್ಷತ್ರಗಳ ಕಾಲವನ್ನು ಜಲಜನಕದ ರೇಡಿಯೋ ಅಲೆಯಿಂದ ಹಿಡಿಯಲು ಬೇರೊಂದು ದಾರಿಯಿದೆ. 2018ರಲ್ಲಿ ಆಸ್ಟ್ರೇಲಿಯಾದ ಮರುಭೂಮಿಯಲ್ಲಿದ್ದ ಎಡ್ಜಸ್ ಎಂಬ ಆಂಟೆನಾ ಅದು ಸಿಕ್ಕಿತು ಎಂದಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ತಂಡ ತಮ್ಮ ಸಾರಸ್3 ಆಂಟೆನಾವನ್ನು 2020ರಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟು ಅಳೆಯಿತು. 2022ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ಆ ಸಿಗ್ನಲ್ ಇರಲಿಲ್ಲ. ನೀರೇ ಯಾಕೆ? ನೆಲದಲ್ಲಿ ಪದರಗಳಿರುತ್ತವೆ. ನಮ್ಮ ಶಹಾಬಾದ್ ಕಡೆಯನ್ನೇ ತೆಗೆದುಕೊಳ್ಳಿ, ಮೇಲೆ ಎರೆ ಮಣ್ಣು, ಕೆಳಗೆ ಕಲ್ಲಿನ ಹಾಸು. ರೇಡಿಯೋ ಅಲೆ ಪ್ರತಿ ಪದರದಿಂದ ಒಂದಿಷ್ಟು ವಾಪಸು ಬಂದು ಆಂಟೆನಾಗೆ ಸುಳ್ಳು ಸಿಗ್ನಲ್ ಕೊಡಬಹುದು. ಆಳವಾದ ನೀರು ಎಲ್ಲ ಕಡೆ ಒಂದೇ ಸಮ. ಚಿಲಿಯಲ್ಲಿ ಕನ್ನಡಿ ಅಲುಗಿಸಿದ್ದು, ಇಲ್ಲಿ ಕೆರೆಗೆ ಇಳಿದದ್ದು, ಎರಡರ ಹಿಂದಿನ ಕಾಳಜಿ ಒಂದೇ.

ಟೌ ಇಷ್ಟು ನಿಖರವಾಗಿ ಯಾಕೆ ಬೇಕು ಅಂದರೆ, ಅದರ ಬಿಸಿ ತಟ್ಟುವುದು ನಕ್ಷತ್ರಗಳ ಕಥೆಗಷ್ಟೇ ಅಲ್ಲ. ಎರಡನೇ ಚದುರುವಿಕೆ ಸಣ್ಣ ಮಚ್ಚೆಗಳನ್ನೆಲ್ಲ ಒಂದಿಷ್ಟು ಮಂಕು ಮಾಡುತ್ತದೆ. ಎಷ್ಟು ಮಂಕಾಯಿತು ಎಂದು ತಿಳಿಯದಿದ್ದರೆ, ಶುರುವಿನಲ್ಲಿ ವಿಶ್ವದ ಏರುಪೇರು ಎಷ್ಟಿತ್ತು ಎಂದು ತಿಳಿಯುವುದಿಲ್ಲ. ಶುರುವಿನದ್ದು ತಿಳಿಯದಿದ್ದರೆ, ಆಮೇಲೆ ಗ್ಯಾಲಕ್ಸಿಗಳು ಕೂಡುವುದನ್ನು ಯಾವುದು ಎಷ್ಟು ತಡೆಯಿತು ಎಂದು ಹೇಳಲಾಗದು. ತಡೆಯುವುದರಲ್ಲಿ ಮುಖ್ಯವಾದದ್ದು ನ್ಯೂಟ್ರಿನೋ ಎಂಬ ತೀರಾ ಹಗುರವಾದ ಕಣ. ಅದಕ್ಕೆ ತೂಕವಿದೆ ಎಂದು ಗೊತ್ತು, ಎಷ್ಟು ಎಂದು ಇನ್ನೂ ಗೊತ್ತಿಲ್ಲ. ಮೂರು ಬಗೆಯ ನ್ಯೂಟ್ರಿನೋಗಳ ಒಟ್ಟು ತೂಕ ಕನಿಷ್ಠ 0.06 ಎಲೆಕ್ಟ್ರಾನ್‌ವೋಲ್ಟ್ (ಕಣಗಳ ತೂಕ ಹೇಳಲು ಬಳಸುವ ಮಾನ) ಇರಲೇಬೇಕು ಎಂದು ಪ್ರಯೋಗಗಳು ಹೇಳುತ್ತವೆ. ಹಿನ್ನೆಲೆ ಬೆಳಕನ್ನು ಪ್ರಕಟಿಸಿದ 1965ರಲ್ಲೇ, ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ವಾತಾವರಣದಿಂದ ಬರುವ ನ್ಯೂಟ್ರಿನೋಗಳ ಗುರುತು ಸಿಕ್ಕಿತ್ತು. ಗಣಿಯೊಳಗೆ ಹುಡುಕಿದ ಆ ಕಣದ ತೂಕ ಈಗ ಆಕಾಶದ ಗೇಣುಗಟ್ಟಲೆ ಮಚ್ಚೆಗಳ ಅಳತೆಗಾಗಿ ಕಾಯುತ್ತಿದೆ.

ಟೌನ ತಪ್ಪಿನ ಅಂದಾಜು 0.007ರಲ್ಲೇ ನಿಂತರೆ ಆ ಕನಿಷ್ಠ ತೂಕವನ್ನು ಆಕಾಶದಿಂದ ಗಟ್ಟಿಯಾಗಿ ಹೇಳುವುದು ಕಷ್ಟ. 0.002ರ ಹತ್ತಿರಕ್ಕೆ ಇಳಿಸಿದರೆ ಸಾಧ್ಯವಾಗುತ್ತದೆ. ಅದಕ್ಕಿಂತ ಕೆಳಗೆ ಹೆಚ್ಚು ಇಳಿಸಲಾಗದು, ನಮಗೆ ನೋಡಲು ಇರುವುದು ಒಂದೇ ಆಕಾಶ ಆದ್ದರಿಂದ. ಕ್ಲಾಸ್‌ನ ಉಳಿದ ಆವರ್ತನಗಳ ದತ್ತಾಂಶವೂ ಈ ಲೆಕ್ಕಕ್ಕೆ ಸೇರಬೇಕಿದೆ. ಸ್ಪೇನಿನ ಟೆನೆರೀಫ್ ದ್ವೀಪದಲ್ಲಿ ಗ್ರೌಂಡ್‌ಬರ್ಡ್ ಎಂಬ ಟೆಲಿಸ್ಕೋಪು ಬಹಳ ವೇಗವಾಗಿ ಗಿರಗಿರನೆ ತಿರುಗುತ್ತಾ ಉತ್ತರದ ಆಕಾಶದಲ್ಲಿ ಇದೇ ದೊಡ್ಡ ಮಚ್ಚೆಗಳ ಬೆನ್ನು ಹತ್ತಿದೆ. ಜಪಾನಿನ ನೇತೃತ್ವದಲ್ಲಿ ಲೈಟ್‌ಬರ್ಡ್ ಎಂಬ ಉಪಗ್ರಹದ ತಯಾರಿ ನಡೆದಿದೆ. ಅದು ಹಾರುವುದು 2030ರ ದಶಕದಲ್ಲಿ. ಅಲ್ಲಿಯವರೆಗೆ ಹೊಸ ದತ್ತಾಂಶ ಬರಬೇಕಾದದ್ದು ನೆಲದ ಮೇಲಿನ ಈ ಟೆಲಿಸ್ಕೋಪುಗಳಿಂದಲೇ.